ಎತ್ತರಕ್ಕಿಂತ ಅಗಲ ಮೇಲು: ಮನೆಯಲ್ಲಿ ಕಟ್ಟುವ ಹವಳದ ತೊಟ್ಟಿ

ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಹಾಳೆ ತಂದು ತಾವೇ ಕಡಲನೀರಿನ ಹವಳದ ತೊಟ್ಟಿ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಮೀನು, ದೀಪ, ಪಂಪುಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ತೊಟ್ಟಿಯ ಎತ್ತರ. ನೀರಿನ ಒತ್ತಡಕ್ಕೆ ಆಳವೊಂದೇ ಲೆಕ್ಕ. 120 ಸೆಂ.ಮೀ. ಉದ್ದ, 60 ಸೆಂ.ಮೀ. ಎತ್ತರದ ಮುಂಭಾಗದ ಹಾಳೆಯನ್ನು ಕಡಲನೀರು ಸುಮಾರು 220 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಎತ್ತರವನ್ನು 75 ಸೆಂ.ಮೀ.ಗೆ ಏರಿಸಿದರೆ ಆ ಬಲ ಸುಮಾರು 345 ಕಿಲೋಗೆ ಜಿಗಿಯುತ್ತದೆ, ಏಕೆಂದರೆ ಅದು ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದೇ ತೊಟ್ಟಿಯನ್ನು ಹಿಂದಕ್ಕೆ ಎಷ್ಟು ಅಗಲಿಸಿದರೂ ಮುಂದಿನ ಹಾಳೆಯ ಮೇಲಿನ ಬಲ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ. ಹೆಚ್ಚು ನೀರು ಬೇಕೆನ್ನುವವರು ಅಗಲವನ್ನು ಹೆಚ್ಚಿಸಲಿ, ಎತ್ತರವನ್ನಲ್ಲ.

ಹೆಚ್ಚು ನೀರು ಬೇಕೇ ಬೇಕು. ಹವಳ ಬೆಳೆದು ಬಂದದ್ದು ಬದಲಾವಣೆಯೇ ಕಡಿಮೆ ಇರುವ ನೀರಿನಲ್ಲಿ. ಸಾಗರದ ಅಗಾಧ ಗಾತ್ರ ಅದರ ಉಷ್ಣತೆ, ಉಪ್ಪು, ಕ್ಷಾರಗಳನ್ನು ಅಲುಗಾಡಲು ಬಿಡುವುದಿಲ್ಲ. ಮನೆಯ ತೊಟ್ಟಿಗೆ ಆ ಗಾತ್ರವಿಲ್ಲ. ಅಲ್ಲಿ ಸ್ಥಿರತೆಯನ್ನು ನಾವೇ ಕಟ್ಟಿ ಕೊಡಬೇಕು. ನನ್ನ ದೃಷ್ಟಿಯಲ್ಲಿ ಹವಳದ ತೊಟ್ಟಿ ಕಟ್ಟುವ ವಿದ್ಯೆಯೆಲ್ಲ ಇಷ್ಟೇ. ಅದು ನೀರಿನಿಂದಲ್ಲ, ಪೆಟ್ಟಿಗೆಯಿಂದಲೇ ಆರಂಭವಾಗುತ್ತದೆ.

ಅಕ್ರಿಲಿಕ್‌ನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಗಾಜಿನ ಅರ್ಧಕ್ಕಿಂತ ಕಡಿಮೆ ಸಾಂದ್ರತೆ, ದಪ್ಪನಾದರೂ ಹಸಿರು ಛಾಯೆ ತೋರದ ಪಾರದರ್ಶಕತೆ ಇದರ ಗುಣಗಳು. ಶಾಖವನ್ನೂ ಗಾಜಿಗಿಂತ ನಿಧಾನವಾಗಿ ಸಾಗಿಸುವುದರಿಂದ ಕೋಣೆಯ ಸೆಕೆ, ಚಳಿ ನೀರಿಗೆ ತಟ್ಟುವುದು ತಡ. ಆದರೆ ಬಾಗುವುದರಲ್ಲಿ ಗಾಜಿಗೂ ಇದಕ್ಕೂ ಹೋಲಿಕೆಯೇ ಇಲ್ಲ: ಗಾಜಿನ ಬಿಗುಪು ಇದರದ್ದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಇದಕ್ಕೆ ಪರಿಹಾರ ದಪ್ಪ. ದಪ್ಪ ಎರಡು ಪಟ್ಟಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. 60 ಸೆಂ.ಮೀ. ಎತ್ತರಕ್ಕೆ 12 ಮಿ.ಮೀ. ಹಾಳೆ ಬಳಸುವವರಿದ್ದಾರೆ, ಅದು ಕಣ್ಣಿಗೆ ಕಾಣುವಷ್ಟು ಉಬ್ಬುತ್ತದೆ. ನಾನು 18 ಮಿ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಹಾಳೆಯೇ ಆಗಬೇಕು. ಯಂತ್ರದಿಂದ ಒತ್ತಿ ಹೊರತಂದ ಅಗ್ಗದ ಹಾಳೆಯ ಅಣುಸರಪಳಿಗಳು ಗಿಡ್ಡವಾಗಿರುವುದರಿಂದ ಅದು ಬೇಗ ಸೀಳು ಬಿಡುತ್ತದೆ.

ಇನ್ನು ಜೋಡಣೆ. ಅಕ್ರಿಲಿಕ್ ಹಾಳೆಗಳನ್ನು ಗೋಂದಿನಿಂದ ಅಂಟಿಸುವುದಿಲ್ಲ, ಕರಗಿಸಿ ಒಂದಾಗಿಸುತ್ತಾರೆ. ಅಂಚುಗಳನ್ನು ರೂಟರ್ ಯಂತ್ರದಲ್ಲಿ ನಯವಾಗಿ ನೇರಗೊಳಿಸಿ, ಒಂದು ಹಾಳೆಯನ್ನು ಇನ್ನೊಂದರ ಮೇಲೆ ನಿಲ್ಲಿಸಿ, ನಡುವೆ ಕೂದಲೆಳೆಯಷ್ಟು ಸಂದಿ ಉಳಿಯುವಂತೆ ಅಲ್ಲಲ್ಲಿ ತೆಳು ಪಿನ್ನುಗಳನ್ನು ಸಿಕ್ಕಿಸುತ್ತಾರೆ. ಸೂಜಿಯಿರುವ ಬಾಟಲಿಯಿಂದ ಡೈಕ್ಲೋರೋಮೀಥೇನ್ ಬೆರೆತ ದ್ರಾವಕವನ್ನು ಸಂದಿಯ ಬಾಯಿಗೆ ಬಿಟ್ಟರೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ತಾನಾಗಿಯೇ ಒಳಕ್ಕೆ ಹರಿಯುತ್ತದೆ. ಮಬ್ಬಾಗಿ ಕಾಣುತ್ತಿದ್ದ ಅಂಚು ದ್ರವ ತಾಗಿದಲ್ಲೆಲ್ಲ ಥಟ್ಟನೆ ತಿಳಿಯಾಗುತ್ತ ಹೋಗುವುದನ್ನು ನೋಡಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಎರಡೂ ಮೇಲ್ಮೈಗಳು ಮೆತ್ತಗಾಗುತ್ತವೆ. ಆಗ ಪಿನ್ನುಗಳನ್ನು ಒಂದೊಂದಾಗಿ ಎಳೆದರೆ ಮೇಲಿನ ಹಾಳೆ ತನ್ನದೇ ತೂಕದಿಂದ ಕುಳಿತುಕೊಳ್ಳುತ್ತದೆ, ಗುಳ್ಳೆಗಳು ಹೊರಬೀಳುತ್ತವೆ, ಎರಡು ಕಡೆಯ ಉದ್ದನೆಯ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರಾವಕ ಮೆಲ್ಲಗೆ ಆವಿಯಾಗಿ ಹೋಗುತ್ತದೆ. ಬೆಸುಗೆ ಪೂರ್ಣ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ನೀರು ತುಂಬಲು ಆತುರ ಬೇಡ. ಈ ಆವಿ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ, ಬಟ್ಟೆಯ ಮುಸುಕು ಅದನ್ನು ತಡೆಯದು. ಗಾಳಿ ಧಾರಾಳವಾಗಿ ಆಡುವ ಜಾಗವಿಲ್ಲದಿದ್ದರೆ ಈ ಕೆಲಸವನ್ನು ಕೈಗೆತ್ತಿಕೊಳ್ಳಲೇಬಾರದು.

ಹಾಳೆಗಳು ಉಬ್ಬದಂತೆ ತೊಟ್ಟಿಯ ಬಾಯಿಯನ್ನು ಹಿಡಿದಿಡುವ ಮೇಲಿನ ಬಿಗಿಪಟ್ಟಿಯನ್ನು ಬಿಡಿ ತುಂಡುಗಳಿಂದ ಜೋಡಿಸದೆ ಒಂದೇ ಹಾಳೆಯಲ್ಲಿ ಕಿಂಡಿ ಕೊರೆದು ಮಾಡುವುದು ಉತ್ತಮ. ಕಿಂಡಿಯ ಮೂಲೆಗಳು ದುಂಡಗಿರಬೇಕು. ಚೂಪಾದ ಮೂಲೆಯಲ್ಲಿ ಒತ್ತಡ ಶೇಖರವಾಗಿ ಸೀಳು ಅಲ್ಲಿಂದಲೇ ಹೊರಡುತ್ತದೆ. ಆಲ್ಕೋಹಾಲ್, ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳನ್ನು ಹತ್ತಿರಕ್ಕೂ ತರಬಾರದು. 2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್‌ನ ಹೋಟೆಲೊಂದರಲ್ಲಿದ್ದ ಅಕ್ವಾಡೋಮ್ ಎಂಬ ಬೃಹತ್ ಅಕ್ರಿಲಿಕ್ ಸಿಲಿಂಡರ್ ಒಡೆದು ಸುಮಾರು ಹತ್ತು ಲಕ್ಷ ಲೀಟರ್ ನೀರು ಬೀದಿಗೆ ಹರಿಯಿತು. ಒತ್ತಡ ಹೊತ್ತ ಅಕ್ರಿಲಿಕ್ ಸೋಲುವಾಗ ಹನಿಹನಿಯಾಗಿಯೇ ಸೋರಿ ಎಚ್ಚರಿಸುತ್ತದೆ ಎಂದು ನಂಬಿ ಕೂರುವಂತಿಲ್ಲ.

ಪೆಟ್ಟಿಗೆ ನಿಂತ ಮೇಲೆ ನೀರು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಾಕಿದರು. ಪಂಪಿಲ್ಲದ ಕಾಲ. ಮನೆಗೆಲಸದಾಕೆ ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದು ಗಾಳಿ ಬೆರೆಸುತ್ತಿದ್ದಳು. ಹವಳ ಬದುಕಿದ್ದರಲ್ಲಿ ಹೆಸರು ದಾಖಲಾಗದ ಆ ಕೈಗಳ ಪಾಲೇ ದೊಡ್ಡದು ಎಂದು ನನಗನ್ನಿಸುತ್ತದೆ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಇನ್ನೊಂದು ದಾರಿ ತೋರಿದರು: ಕಡಲಿನ ರಂಧ್ರಮಯ ಜೀವಂತ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು ಗಾಳಿಯ ಗುಳ್ಳೆ ಬಿಟ್ಟರೆ ಸಾಕು, ಶುದ್ಧೀಕರಣವನ್ನು ಕಲ್ಲೇ ನೋಡಿಕೊಳ್ಳುತ್ತದೆ ಎಂದು. ಕಲ್ಲಿನ ಮೇಲಿರುವ ಬ್ಯಾಕ್ಟೀರಿಯಾಗಳು ಮೀನಿನ ವಿಸರ್ಜನೆಯಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್‌ಗೆ ಒಯ್ಯುತ್ತವೆ. ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿರುವವು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಪಡೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಉಪ್ಪಿನ ಲೆಕ್ಕ ಸರಳ: ಒಂದು ಕಿಲೋ ಕಡಲನೀರಿನಲ್ಲಿ 35 ಗ್ರಾಂ ಲವಣ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದದ್ದು ಶುದ್ಧೀಕರಿಸಿದ ಸಿಹಿನೀರು.

ಬಹುಮಂದಿ ಎಡವುವುದು ಕ್ಷಾರೀಯತೆಯ ವಿಷಯದಲ್ಲಿ. ಹವಳ ತನ್ನ ಸುಣ್ಣದ ಗೂಡನ್ನು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್‌ಗಳಿಂದ ಕಟ್ಟುತ್ತದೆ. ಕ್ಷಾರೀಯತೆ ಎಂದರೆ ಮುಖ್ಯವಾಗಿ ಈ ಬೈಕಾರ್ಬೊನೇಟಿನ ಅಳತೆ. ಎರಡನ್ನೂ ನಿಗದಿತ ಅನುಪಾತದಲ್ಲಿ ಬಳಸುತ್ತದೆ, ಆದರೆ ಕಡಲನೀರಿನಲ್ಲಿ ಇವೆರಡರ ದಾಸ್ತಾನು ಸಮವಾಗಿಲ್ಲ. ಕ್ಯಾಲ್ಸಿಯಂ ಲೀಟರಿಗೆ 410 ಮಿ.ಗ್ರಾಂನಷ್ಟಿದ್ದು ಯಥೇಚ್ಛ, ಕ್ಷಾರೀಯತೆಯ ಸಂಗ್ರಹ ಅದರ ಎದುರು ಬಲು ಚಿಕ್ಕದು. ಹವಳಗಳು ಕ್ಷಾರೀಯತೆಯ ಅರ್ಧವನ್ನೇ ತಿಂದು ಮುಗಿಸುವ ಹೊತ್ತಿಗೆ ಕ್ಯಾಲ್ಸಿಯಂ ಇಳಿದಿರುವುದು 23 ಮಿ.ಗ್ರಾಂ ಮಾತ್ರ. ಕ್ಯಾಲ್ಸಿಯಂ ಪರೀಕ್ಷೆಯನ್ನಷ್ಟೇ ಮಾಡಿ ಎಲ್ಲವೂ ಸರಿಯಿದೆ ಎಂದುಕೊಂಡವರ ತೊಟ್ಟಿಯಲ್ಲಿ ಹವಳದ ಬೆಳವಣಿಗೆ ಅಷ್ಟರಲ್ಲಿ ನಿಂತೇ ಹೋಗಿರಬಹುದು. ನಿತ್ಯ ಅಳೆಯಬೇಕಾದದ್ದು ಕ್ಷಾರೀಯತೆಯನ್ನು.

ಇದಕ್ಕಿರುವ ಹಳೆಯ ಉಪಾಯ ಸುಣ್ಣದ ತಿಳಿನೀರು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿದ ಈ ನೀರು ಎರಡನ್ನೂ ಹವಳ ಬಳಸುವ ಅನುಪಾತದಲ್ಲೇ ಮರಳಿಸುತ್ತದೆ. ಆವಿಯಾದ ನೀರಿನ ಬದಲು ಇದನ್ನೇ ಹನಿಸಿದರೆ ಎರಡು ಕೆಲಸ ಒಂದೇ ಏಟಿಗೆ ಮುಗಿಯುತ್ತವೆ. ಇದರ ಪಿಎಚ್ 12ಕ್ಕೂ ಮೇಲಿರುವುದರಿಂದ ರಾತ್ರಿ ಹೊತ್ತು, ನಿಧಾನವಾಗಿ ಹನಿಸಬೇಕು. ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಿಂತು ಇಂಗಾಲದ ಡೈಆಕ್ಸೈಡ್ ಏರಿ ನೀರಿನ ಪಿಎಚ್ ಇಳಿಯುವ ಸಮಯ ಅದು. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಸರಿದೂಗಿಸುತ್ತದೆ.

ದ್ಯುತಿಸಂಶ್ಲೇಷಣೆ ನಡೆಸುವುದು ಹವಳದ ಜೀವಕೋಶಗಳೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ. ಹವಳಕ್ಕೆ ಬೇಕಾದ ಶಕ್ತಿಯ ಶೇ. 90ರವರೆಗೂ ಇವೇ ಒದಗಿಸಬಲ್ಲವು. ದೀಪದಲ್ಲಿ ನೀಲಿ ಬೆಳಕು ಹೆಚ್ಚಿರಬೇಕಾದದ್ದು ಇದಕ್ಕಾಗಿ: ಕಡಲಿನಲ್ಲಿ ಕೆಂಪು ಮೊದಲೇ ಹೀರಲ್ಪಟ್ಟು ಆಳಕ್ಕಿಳಿಯುವುದು ನೀಲಿಯೇ. ಉಷ್ಣತೆ 25-26 ಡಿಗ್ರಿಯ ಆಸುಪಾಸಿನಲ್ಲಿರಲಿ. ಹವಳ ಒಗ್ಗಿದ ಮಿತಿಗಿಂತ ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಉಳಿದರೆ ಹವಳ ಈ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕಡಲಿನ ಹವಳದ ದಿಬ್ಬಗಳಲ್ಲಿ ಇಂದು ನಡೆಯುತ್ತಿರುವುದೂ ಇದೇ.

ಹಾಗಾಗಿ ಹವಳವನ್ನು ಎಲ್ಲಿಂದ ತರುತ್ತೇವೆ ಎಂಬುದು ಸಣ್ಣ ಮಾತಲ್ಲ. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ನಿಯಂತ್ರಿತವಾಗಿದೆ. ಕಡಲಿನಿಂದ ಕಿತ್ತ ಹವಳವನ್ನು ಕೊಳ್ಳುವ ಅಗತ್ಯವೂ ಇಲ್ಲ. ಹವಳದ ಕೊಂಬೆಯಿಂದ ಕತ್ತರಿಸಿದ ಬೆರಳುದ್ದದ ತುಂಡು ಇಡೀ ಹೊಸ ಹವಳವಾಗಿ ಬೆಳೆಯುತ್ತದೆ, ವಂಶವಾಹಿಯಲ್ಲಿ ಮೂಲದ್ದೇ ಪ್ರತಿರೂಪವಾಗಿ. ತೊಟ್ಟಿಯಲ್ಲೇ ಬೆಳೆದ ಇಂಥ ತುಂಡುಗಳು ದೀಪದ ಬೆಳಕಿಗೂ ಬೆರೆಸಿದ ಉಪ್ಪಿಗೂ ಒಗ್ಗಿರುತ್ತವೆ. ಮೊದಲು ಮೆತುಹವಳಗಳು ಬರಲಿ. ಕವಲೊಡೆಯುವ ಅಕ್ರೊಪೊರಾದಂಥ ನಾಜೂಕಿನ ಕಲ್ಲುಹವಳ, ಕ್ಷಾರೀಯತೆಯ ದಿನದಿನದ ಅಳತೆಗಳು ವಾರಗಟ್ಟಲೆ ಒಂದೇ ಗೆರೆಯಲ್ಲಿ ನಿಂತ ಮೇಲೆ ಬರಲಿ.