ನಾನಿನ್ನೂ ವಿದ್ಯಾರ್ಥಿನಿ, ನಡತೆಯ ನಿಯಮ ಈಗಿನಿಂದಲೇ ಏಕೆ?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ವಾರ್ಡ್ ಪೋಸ್ಟಿಂಗ್ ಈಗಷ್ಟೇ ಶುರುವಾಗಿದೆ. ನನಗಿನ್ನೂ ನೋಂದಣಿ ಇಲ್ಲ, ಸಂಬಳ ಇಲ್ಲ, ಯಾವ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವೂ ಇಲ್ಲ. ಆದರೂ ವೃತ್ತಿಪರ ನಡತೆಯ ನಿಯಮಗಳೆಲ್ಲ ನನಗೂ ಅನ್ವಯಿಸುತ್ತವೆ ಎನ್ನುತ್ತಾರೆ. ತಪ್ಪು ಮಾಡುತ್ತಲೇ ಕಲಿಯುವ ಕಾಲ ಇದಲ್ಲವೇ?

ಉತ್ತರ: ಹೌದು, ತಪ್ಪು ಮಾಡುತ್ತಲೇ ಕಲಿಯುವ ಕಾಲವೇ. ಸೂಜಿ ಚುಚ್ಚುವಾಗ ಕೈ ನಡುಗಿತೆಂದೋ, ರಕ್ತನಾಳ ಸಿಗಲಿಲ್ಲವೆಂದೋ, ರೌಂಡ್ಸ್‌ನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲವೆಂದೋ ನಿಮ್ಮ ನಡತೆಯ ಮೇಲೆ ಯಾರೂ ಬೆರಳು ತೋರಿಸಬಾರದು. ಅವು ಕೈ ಪಳಗದ ತಪ್ಪುಗಳು, ಪಳಗಿದಂತೆ ಹೋಗುತ್ತವೆ. ಆದರೆ ಮಾಡದ್ದನ್ನು ಮಾಡಿದೆ ಎನ್ನುವುದು, ತಿಳಿಯದ್ದನ್ನು ತಿಳಿದಂತೆ ತೋರಿಸಿಕೊಳ್ಳುವುದು, ರೋಗಿ ನಂಬಿ ಹೇಳಿದ್ದನ್ನು ಹೊರಗೆ ಆಡುವುದು, ಇವು ಅಭ್ಯಾಸವಾದಷ್ಟೂ ಬೇರೂರುವಂಥವು. ನಡತೆಯ ನಿಯಮಗಳು ಹೆಚ್ಚಾಗಿ ಈ ಎರಡನೆಯ ಬಗೆಯ ತಪ್ಪುಗಳ ಕುರಿತಾದವು. ಅವಕ್ಕೆ ‘ಇನ್ನೂ ಕಲಿಯುತ್ತಿದ್ದೇನೆ’ ಎಂಬ ವಿನಾಯಿತಿ ಇಲ್ಲ.

ವಿದ್ಯಾರ್ಥಿಯಿಂದ ಎಷ್ಟು ತೊಂದರೆಯಾದೀತು ಎಂದು ಅನ್ನಿಸಬಹುದು. 1847ರ ವಿಯೆನ್ನಾ ಅದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಿಭಾಗದಲ್ಲಿ, ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ಬಹಳ ಹೆಚ್ಚು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದುದೇ ಕಾರಣವೆಂದು ಅಲ್ಲಿನ ವೈದ್ಯ ಇಗ್ನಾಸ್ ಸೆಮೆಲ್ವೈಸ್ ಗುರುತಿಸಿದರು. ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ತಾಯಂದಿರು ಸತ್ತಿದ್ದರು. ಜುಲೈನಲ್ಲಿ 250 ಹೆರಿಗೆಗಳಿಗೆ ಸತ್ತವರು 3. ಆ ವಿದ್ಯಾರ್ಥಿಗಳಿಗೂ ಸಂಬಳವಿರಲಿಲ್ಲ, ಅಧಿಕಾರವಿರಲಿಲ್ಲ. ರೋಗಿಯನ್ನು ಮುಟ್ಟುವ ಕೈ ಮಾತ್ರ ಇತ್ತು. ಅವರಿಗೆ ಕಾರಣ ತಿಳಿದಿರಲಿಲ್ಲ ಎಂಬ ಸಮಾಧಾನವಾದರೂ ಇದೆ. ಇಂದಿನವರಿಗೆ ಅದೂ ಇಲ್ಲ.

ಈಗ ನಿಮ್ಮ ವಾರ್ಡಿಗೇ ಬರೋಣ. ನೀವು ದಿನವೂ ಬರೆಯುವ ಅಂಕಿಗಳಲ್ಲಿ ಉಸಿರಾಟದ ಎಣಿಕೆಯೂ ಒಂದು. ಬಿಪಿಗೆ ಯಂತ್ರವಿದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರನ್ನು ಮಾತ್ರ ಹೆಚ್ಚಿನ ಕಡೆ ಕಣ್ಣಿಂದಲೇ ಎಣಿಸಬೇಕು, ಅದೂ ಪೂರ್ತಿ ಒಂದು ನಿಮಿಷ. ಎಣಿಸುತ್ತಿರುವುದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಹಾಗಾಗಿ ನಾಡಿ ನೋಡಿದ ಮೇಲೆ ಮಣಿಕಟ್ಟನ್ನು ಬಿಡದೆ, ಎದೆಯ ಏರಿಳಿತದ ಮೇಲೆ ಕಣ್ಣಿಟ್ಟು ಎಣಿಸುವುದು ರೂಢಿ. ಆರು ರೋಗಿಗಳಿದ್ದರೆ ಇದೊಂದಕ್ಕೇ ಆರು ನಿಮಿಷ ಬೇಕು. ರೌಂಡ್ಸ್‌ಗೆ ಹೊತ್ತಾಗಿದೆ, ಸಿಸ್ಟರ್ ಚಾರ್ಟ್ ಕೇಳುತ್ತಿದ್ದಾರೆ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜವೆಂದು ಪುಸ್ತಕದಲ್ಲಿದೆಯಲ್ಲ, ಒಬ್ಬರಿಗೆ 18, ಇನ್ನೊಬ್ಬರಿಗೆ 20 ಎಂದು ಬರೆದರಾಯಿತು. ಚಾರ್ಟುಗಳನ್ನು ತಿರುವಿ ಹಾಕಿದವರಿಗೆ ಗೊತ್ತು, ಈ ಎರಡು ಅಂಕಿಗಳು ಹಾಸಿಗೆಯಿಂದ ಹಾಸಿಗೆಗೆ, ಪಾಳಿಯಿಂದ ಪಾಳಿಗೆ ಹೇಗೆ ನಡೆದು ಹೋಗುತ್ತವೆ ಎಂದು.

ಇದು ಸಣ್ಣ ಸುಳ್ಳಲ್ಲ. ನ್ಯುಮೋನಿಯಾ ಬಿಗಡಾಯಿಸುವಾಗ, ಸೋಂಕು ಇಡೀ ಮೈಯನ್ನು ಹಿಡಿಯುವಾಗ, ಬಿಪಿ ಕುಸಿಯುವುದಕ್ಕೂ ಎಷ್ಟೋ ಮೊದಲೇ ಉಸಿರಾಟದ ವೇಗ ಏರಬಹುದು. ನಿಜಕ್ಕೂ 28 ಇದ್ದದ್ದನ್ನು ನೋಡದೆ 18 ಎಂದು ಬರೆದರೆ, ಆ ರೋಗಿಗೆ ಸಿಗಬೇಕಾಗಿದ್ದ ಕೆಲವು ಗಂಟೆಗಳನ್ನು ಕಿತ್ತುಕೊಂಡ ಹಾಗೆ. ಚಾರ್ಟ್ ನೋಡುವ ವೈದ್ಯರು ಅದನ್ನು ಬರೆದದ್ದು ಎರಡನೇ ವರ್ಷದವರೋ ಇಪ್ಪತ್ತು ವರ್ಷದ ಅನುಭವಿಯೋ ಎಂದು ವಿಚಾರಿಸುವುದಿಲ್ಲ. ಅಂಕಿಯನ್ನು ನಂಬಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಎಣಿಸಲು ಆಗಲಿಲ್ಲವೇ? ಜಾಗ ಖಾಲಿ ಬಿಡಿ, ‘ಈ ಇಬ್ಬರದು ನೋಡಲು ಆಗಿಲ್ಲ ಸಿಸ್ಟರ್’ ಎಂದು ಹೇಳಿ. ಬೈಸಿಕೊಳ್ಳಬೇಕಾಗಬಹುದು. ಆದರೂ ಖಾಲಿ ಜಾಗ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ದಾಖಲೆಯ ವಿಷಯದಲ್ಲಿ ಇನ್ನೊಂದು ಮಾತು. ಬರೆದದ್ದು ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ದಿನಾಂಕ, ವೇಳೆ, ಸಹಿ ಹಾಕಬೇಕು. ಬಿಳಿ ಬಣ್ಣ ಬಳಿಯುವುದು, ಹಾಳೆ ಬದಲಿಸುವುದು, ಮಧ್ಯಾಹ್ನ ಬರೆದದ್ದಕ್ಕೆ ಬೆಳಗಿನ ವೇಳೆ ಹಾಕುವುದು ಕೂಡದು. ಲಾಗ್‌ಬುಕ್‌ಗೂ ಇದೇ ಮಾತು. ನೋಡದ ಕೇಸ್‌ಗಳನ್ನು ಗೆಳತಿಯ ಪುಸ್ತಕದಿಂದ ಇಳಿಸಿಕೊಂಡರೆ, ನಿಮಗೆ ಬಾರದ ಕೆಲಸ ಬರುತ್ತದೆ ಎಂದು ಮುಂದೆ ಯಾರೋ ನಂಬುತ್ತಾರೆ.

ಸತ್ಯ ಹೇಳುವುದು ನಿಮ್ಮ ಪರಿಚಯದಿಂದಲೇ ಶುರುವಾಗಬೇಕು. ಬಿಳಿ ಕೋಟು ಕಂಡರೆ ಸಾಕು, ರೋಗಿಗಳು ‘ಡಾಕ್ಟರೇ’ ಎಂದು ಕರೆಯುತ್ತಾರೆ. ಮೊದಲ ವರ್ಷದ ಹುಡುಗನಿಗೆ ಅದು ಹಿತವಾಗಿ ಕೇಳಿಸುತ್ತದೆ, ತಿದ್ದಲು ಮನಸ್ಸಾಗುವುದಿಲ್ಲ. ತಿದ್ದಲೇಬೇಕು. ಎದುರಿಗಿರುವುದು ವಿದ್ಯಾರ್ಥಿ ಎಂದು ತಿಳಿಯದೆ ರೋಗಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹೆಸರು ಹೇಳಿ, ವಿದ್ಯಾರ್ಥಿನಿ ಎನ್ನಿ, ಏನು ಮಾಡಲು ಬಂದಿದ್ದೀರೆಂದು ತಿಳಿಸಿ ಕೇಳಿ. ಬೇಡವೆಂದರೆ ಮುಖ ಸಿಂಡರಿಸದೆ ಹಿಂದೆ ಸರಿಯಿರಿ. ಅರಿವಳಿಕೆ ಕೊಟ್ಟು ಮಲಗಿಸಿದ ರೋಗಿಯ ಗುಪ್ತಾಂಗ ಪರೀಕ್ಷೆಯನ್ನು, ಅವರನ್ನು ಮೊದಲೇ ಕೇಳದೆ, ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸುವ ಪದ್ಧತಿ ಹಲವು ದೇಶಗಳಲ್ಲಿ ಬಹುಕಾಲ ನಡೆದುಬಂತು. ಅದರ ವಿರುದ್ಧ ದನಿ ಎದ್ದ ಮೇಲೆ ಎಷ್ಟೋ ಕಡೆ ಪ್ರತ್ಯೇಕ ಒಪ್ಪಿಗೆ ಬೇಕೆಂದು ಕಾನೂನೇ ಬಂದಿದೆ. ನಿದ್ರೆಯಲ್ಲಿರುವವರು ಬೇಡವೆನ್ನಲಾರರು ಎಂಬುದೇ ಮೊದಲೇ ಕೇಳಬೇಕಾದ ಕಾರಣ.

ಗುಟ್ಟು ಕಾಯುವುದರ ಬಗ್ಗೆ ಎಲ್ಲರಿಗೂ ತಿಳಿದಿದೆ. ಎಡವುವುದು ಮೊಬೈಲ್ ಕೈಗೆ ಬಂದಾಗ. ಮುಖ ಮುಚ್ಚಿದ್ದೇನಲ್ಲ ಎಂದುಕೊಂಡು ಫೋಟೊ ಹಾಕುತ್ತಾರೆ. ಹಚ್ಚೆ, ಎಕ್ಸ್-ರೇ ಮೂಲೆಯ ಹೆಸರು, ಹಿಂದಿನ ಹಾಸಿಗೆ ಸಂಖ್ಯೆ, ‘ಇಂದು ಅಪರೂಪದ ಕೇಸ್’ ಎಂಬ ಸಾಲಿನ ಕೆಳಗಿರುವ ದಿನಾಂಕ, ಇಷ್ಟು ಸಾಕು, ಮನೆಯವರು ಗುರುತು ಹಿಡಿಯುತ್ತಾರೆ. ಶವಚ್ಛೇದನ ಕೋಣೆಯ ಸೆಲ್ಫಿಯಂತೂ ತಮ್ಮ ದೇಹವನ್ನೇ ಬಿಟ್ಟುಕೊಟ್ಟವರಿಗೆ ಮಾಡುವ ಅವಮಾನ. ವೈದ್ಯರ ಪ್ರತಿಜ್ಞೆಯಾದ, ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆಯ ಇಂದಿನ ರೂಪದಲ್ಲಿ, ರೋಗಿ ಸತ್ತ ನಂತರವೂ ಗುಟ್ಟು ಕಾಯುತ್ತೇನೆಂಬ ಪ್ರತಿಜ್ಞೆ ಸ್ಪಷ್ಟವಾಗಿದೆ.

ಇನ್ನು, ಹಾಜರಾತಿಗೂ ಚಿಕಿತ್ಸೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅಮೆರಿಕದ ಮ್ಯಾಕ್ಸೀನ್ ಪಪಡಾಕಿಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹುಡುಕಿತು. ಮೂರು ವೈದ್ಯಕೀಯ ಕಾಲೇಜುಗಳಲ್ಲಿ ಓದಿ, ಮುಂದೆ ವೈದ್ಯಕೀಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ವಿದ್ಯಾರ್ಥಿ ದಿನಗಳ ಕಡತಗಳನ್ನು, ಅಂಥ ಕಳಂಕವಿಲ್ಲದ 469 ವೈದ್ಯರ ಕಡತಗಳೊಂದಿಗೆ ಹೋಲಿಸಿದರು. ಕಾಲೇಜಿನಲ್ಲೇ ಅನುಚಿತ ನಡತೆ ದಾಖಲಾಗಿದ್ದವರು ಮುಂದೆ ಶಿಸ್ತುಕ್ರಮಕ್ಕೆ ಒಳಗಾಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಎಲ್ಲಕ್ಕಿಂತ ಬಲವಾದ ನಂಟು ಕಂಡದ್ದು ತೀವ್ರ ಬೇಜವಾಬ್ದಾರಿತನಕ್ಕೆ, ಸರಿಯಾಗಿ ಹಾಜರಾಗದಿರುವುದೂ ಅದರಲ್ಲಿ ಸೇರಿತ್ತು. ಹೇಳಿದರೂ ತಿದ್ದಿಕೊಳ್ಳದ ಸ್ವಭಾವಕ್ಕೂ ನಂಟಿತ್ತು. ಕಡಿಮೆ ಅಂಕಗಳಿಗೂ ಇತ್ತು, ಆದರೆ ಅದು ಬಹಳ ಸಣ್ಣದು. ಒಮ್ಮೆ ತಡವಾಗಿ ಬಂದವರೆಲ್ಲ ಕೆಟ್ಟ ವೈದ್ಯರಾಗುತ್ತಾರೆ ಎಂದು ಇದರ ಅರ್ಥವಲ್ಲ. ಕಾಲೇಜುಗಳು ಅಂಕಪಟ್ಟಿ ನೋಡುವಷ್ಟೇ ಕಾಳಜಿಯಿಂದ ನಡತೆಯನ್ನೂ ನೋಡಬೇಕು, ಬೇಗ ನೋಡಬೇಕು, ತಿದ್ದಲು ನೆರವಾಗಬೇಕು ಎಂದಷ್ಟೇ ನಾನು ಇದರಿಂದ ಓದಿಕೊಳ್ಳುತ್ತೇನೆ.

ನಿಮ್ಮ ಮೈಮನಸ್ಸಿನ ಸ್ಥಿತಿಯೂ ನಡತೆಯ ಭಾಗವೇ. ಜ್ವರವಿದ್ದರೆ, ರಾತ್ರಿಯಿಡೀ ನಿದ್ದೆಗೆಟ್ಟು ಕಣ್ಣು ಮುಚ್ಚಿಹೋಗುತ್ತಿದ್ದರೆ, ಮನಸ್ಸು ಕುಸಿದಿದ್ದರೆ ಮೇಲಿನವರಿಗೆ ತಿಳಿಸಿ. ಜಿನೀವಾ ಘೋಷಣೆಗೆ 2017ರಲ್ಲಿ ಸೇರಿದ ಸಾಲುಗಳಲ್ಲಿ, ಒಳ್ಳೆಯ ಆರೈಕೆ ನೀಡಲು ತನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬುದೂ ಒಂದು.

ಕೊನೆಗೆ ಅತ್ಯಂತ ಕಷ್ಟದ್ದು: ಮೇಲಿನವರೇ ‘ಏನೋ ಒಂದು ಬರೆದುಬಿಡಮ್ಮ’ ಎಂದಾಗ ಏನು ಮಾಡುವುದು? ವಾದಕ್ಕೆ ಇಳಿಯಬೇಡಿ. ‘ನಾನು ನೋಡಿಲ್ಲ, ಈಗಲೇ ನೋಡಿ ಬರೆಯಲೇ?’ ಎಂದು ಕೇಳಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಒತ್ತಾಯ ಮುಂದುವರಿದರೆ ಬರೆಯಬೇಡಿ. ರೋಗಿಗೆ ತಕ್ಷಣದ ಅಪಾಯವಿದ್ದರೆ ಅಲ್ಲಿರುವ ಇನ್ನೊಬ್ಬ ಹಿರಿಯರಿಗೆ ಆಗಲೇ ಹೇಳಿ, ಇಲ್ಲವಾದರೆ ಅಂದೇ ನಿಮ್ಮ ಬೋಧಕರಿಗೆ ತಿಳಿಸಿ. ನಡೆದದ್ದನ್ನು ದಿನಾಂಕ, ವೇಳೆ ಸಮೇತ ಬರೆದಿಟ್ಟುಕೊಳ್ಳಿ, ಅದರಲ್ಲಿ ರೋಗಿಯ ಹೆಸರು ಬೇಡ. ಇದು ನಿಮ್ಮೊಬ್ಬರ ಧೈರ್ಯಕ್ಕೆ ಬಿಟ್ಟ ವಿಷಯವಾಗಬಾರದು ಎಂಬುದೂ ನನಗೆ ಗೊತ್ತು. ‘ಆಗಿಲ್ಲ’ ಎಂದು ಒಪ್ಪಿಕೊಂಡ ವಿದ್ಯಾರ್ಥಿಯನ್ನು ಎಲ್ಲರ ಮುಂದೆ ಹಂಗಿಸುವ ವಾರ್ಡ್‌ನಲ್ಲಿ ಮರುದಿನದಿಂದ ಯಾರೂ ಒಪ್ಪಿಕೊಳ್ಳುವುದಿಲ್ಲ, ಚಾರ್ಟುಗಳು ಮಾತ್ರ ಅಚ್ಚುಕಟ್ಟಾಗಿ ತುಂಬಿರುತ್ತವೆ. ಈ ಮಾತು ನಿಮ್ಮ ಬೋಧಕರಿಗೂ ಸೇರಿದ್ದು.