ಎಂಟು ಹಾಕಿಸಿದರೂ ಮೂರೂಕಾಲು ತೋರಿಸುವ ಕಂಪ್ಯೂಟರ್

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಶುರುವಾಯಿತೆಂದರೆ ನನ್ನ ಅಂಗಡಿಗೆ ಬರುವ ಕಂಪ್ಯೂಟರುಗಳೆಲ್ಲ ತೌಡಿನ ವಾಸನೆ ಹೊಡೆಯುತ್ತವೆ. ಮೊನ್ನೆ ಬಂದದ್ದು ಒಂದು ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಜ್ ಕೋಣೆಯದು. ಮಾಲೀಕರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟವರೇ, "ಎಂಟು ಜಿಬಿ ರ‍್ಯಾಮ್‌ಗೆ ದುಡ್ಡು ಕೊಟ್ಟಿದ್ದೇನೆ, ಇದು ಮೂರೂಕಾಲು ಎನ್ನುತ್ತಿದೆ. ಉಳಿದದ್ದನ್ನು ಯಾರು ತಿಂದರು?" ಎಂದು ಕೇಳಿದರು. ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ. ಅನುಮಾನ ರ‍್ಯಾಮ್ ಹಾಕಿಕೊಟ್ಟ ಅಂಗಡಿಯವನ ಮೇಲೆ. ನಾನೂ ಅದೇ ಕಸುಬಿನವನಾದ್ದರಿಂದ ಸ್ವಲ್ಪ ನನ್ನ ಮೇಲೂ.

ಅವರಿಗೆ ಅವರ ವ್ಯವಹಾರದ ಮಾತಿನಲ್ಲೇ ಹೇಳಿದೆ. ಲಾರಿಯ ಭತ್ತ ತೂಕಕ್ಕೆ ಕಡಿಮೆ ಬಂದರೆ ನೀವು ಚಾಲಕನ ಕೊರಳಪಟ್ಟಿ ಹಿಡಿಯುವ ಮೊದಲು ಕಣದಲ್ಲಿ ಎಷ್ಟಿತ್ತು, ವೇಬ್ರಿಜ್‌ನಲ್ಲಿ ಎಷ್ಟು ಬಂತು, ಗೋದಾಮಿನಲ್ಲಿ ಎಷ್ಟು ಇಳಿಯಿತು ಎಂದು ನೋಡುತ್ತೀರಿ. ರ‍್ಯಾಮನ್ನೂ ಮೂರು ಕಡೆ ಎಣಿಸಬೇಕು: ಅದರ ಮೈಮೇಲಿನ ಚೀಟಿಯಲ್ಲಿ, ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಪರೀಕ್ಷಿಸುವ ಬಯಾಸ್‌ನಲ್ಲಿ, ವಿಂಡೋಸ್‌ನಲ್ಲಿ. ಬಯಾಸ್‌ನಲ್ಲೇ ಲೆಕ್ಕ ತಪ್ಪಿದ್ದರೆ ದೋಷ ಯಂತ್ರದ್ದು. ಬಯಾಸ್ ಪೂರ್ತಿ ತೋರಿಸಿ ವಿಂಡೋಸ್ ಕಡಿಮೆ ತೋರಿಸುತ್ತಿದ್ದರೆ ಬಹುಮಟ್ಟಿಗೆ ಸ್ಕ್ರೂಡ್ರೈವರ್ ಮುಟ್ಟುವ ಕೆಲಸವೇ ಇಲ್ಲ. ಇಷ್ಟನ್ನೂ ನೋಡದೆ ಒಂದರ ಮೇಲೊಂದು ರ‍್ಯಾಮ್ ಬದಲಾಯಿಸುತ್ತ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಯಂತ್ರದ ಬಯಾಸ್‌ನಲ್ಲಿ ಎಂಟು ಜಿಬಿ ಸರಿಯಾಗಿಯೇ ಇತ್ತು. ವಿಂಡೋಸ್ ಮಾತ್ರ, ಅಳವಡಿಸಿದ್ದು 8.00 ಜಿಬಿ, ಬಳಸಬಹುದಾದದ್ದು 3.24 ಜಿಬಿ ಎನ್ನುತ್ತಿತ್ತು. ಅದರ ಕೆಳಗಿನ ಸಾಲಿನಲ್ಲೇ ಉತ್ತರವಿತ್ತು: ಅದು 32 ಬಿಟ್‌ನ ವಿಂಡೋಸ್ 7.

32 ಬಿಟ್ ಎಂದರೆ ಮೆಮೊರಿಯ ಪ್ರತಿ ಬೈಟಿಗೆ ಕೊಡುವ ಮನೆ ನಂಬರಿನಲ್ಲಿ ಮೂವತ್ತೆರಡೇ ಅಂಕಿ, ಅದೂ ಸೊನ್ನೆ ಇಲ್ಲವೇ ಒಂದು. ಹೇಗೆ ಜೋಡಿಸಿದರೂ ಆಗುವ ನಂಬರುಗಳು 429 ಕೋಟಿ 49 ಲಕ್ಷ 67 ಸಾವಿರದ 296. ಸರಿಯಾಗಿ ನಾಲ್ಕು ಜಿಬಿ. ಹಾಗಾದರೆ ನಾಲ್ಕಾದರೂ ಸಿಗಬೇಕಿತ್ತಲ್ಲ? ಸಿಗುವುದಿಲ್ಲ, ಏಕೆಂದರೆ ಗ್ರಾಫಿಕ್ಸ್, ನೆಟ್‌ವರ್ಕ್, ಸೌಂಡ್, ಬಯಾಸ್ ಚಿಪ್ ಎಲ್ಲವೂ ಇದೇ ಬಡಾವಣೆಯ ಮೇಲ್ತುದಿಯಲ್ಲಿ ನಂಬರು ಹಿಡಿದು ಕುಳಿತಿರುತ್ತವೆ. ಆ ಮುಕ್ಕಾಲು ಜಿಬಿಯಷ್ಟು ನಂಬರು ಅವುಗಳಿಗೆ ಹೋಯಿತು. ಉಳಿದ ರ‍್ಯಾಮ್ ಅಲ್ಲೇ ಇದೆ, ಆದರೆ ಮನೆಗೆ ನಂಬರಿಲ್ಲ, ಅಂಚೆಯವನು ಬರುವುದಿಲ್ಲ. 1995ರ ಪೆಂಟಿಯಂ ಪ್ರೊ ಪ್ರೊಸೆಸರಿನಲ್ಲೇ 36 ಬಿಟ್ ವಿಳಾಸದ ಉಪಾಯ ಬಂದು 64 ಜಿಬಿವರೆಗೆ ದಾರಿ ತೆರೆದಿತ್ತು. ಆದರೆ ಅಷ್ಟು ದೊಡ್ಡ ವಿಳಾಸ ಕಂಡರೆ ಎಡವುವ ಡ್ರೈವರುಗಳ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕಾಟದಿಂದ ಮೈಕ್ರೋಸಾಫ್ಟ್ ಮನೆ ಬಳಕೆಯ 32 ಬಿಟ್ ವಿಂಡೋಸ್‌ಗೆ ನಾಲ್ಕರ ಗೆರೆಯನ್ನೇ ಉಳಿಸಿಕೊಂಡಿತು.

"ಹಾಗಾದರೆ 64 ಬಿಟ್ ಹಾಕಿಬಿಡಿ" ಎಂದರು ಮಾಲೀಕರು. ನಾನು ಒಪ್ಪಲಿಲ್ಲ. ಅವರ ತೂಕದ ಸಾಫ್ಟ್‌ವೇರ್ 16 ಬಿಟ್ ಕಾಲದ್ದು, 64 ಬಿಟ್ ವಿಂಡೋಸ್‌ನಲ್ಲಿ ಅದು ತೆರೆಯುವುದೇ ಇಲ್ಲ. ರ‍್ಯಾಮ್ ಪೂರ್ತಿ ಸಿಕ್ಕಿ, ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತರೆ ಯಾರಿಗೆ ಲಾಭ? ರಸೀದಿ ಕೊಡುವ ಆ ಕೆಲಸಕ್ಕೆ ಮೂರೂಕಾಲು ಜಿಬಿ ಧಾರಾಳ. ಇಂಟರ್‌ನೆಟ್ ಮಾತ್ರ ಕೊಡಬೇಡಿ ಎಂದೆ, ವಿಂಡೋಸ್ 7ಕ್ಕೆ ಸುರಕ್ಷತಾ ಅಪ್‌ಡೇಟ್ ಸಾಮಾನ್ಯ ಬಳಕೆದಾರರಿಗೆ ನಿಂತದ್ದು 2020ರ ಜನವರಿಯಲ್ಲಿ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಮಗಳ ಹೊಸ ಲ್ಯಾಪ್‌ಟಾಪ್ 64 ಬಿಟ್‌ನದೇ ಆದರೂ ಎಂಟರಲ್ಲಿ 5.9 ತೋರಿಸುತ್ತದೆಯಲ್ಲ ಎಂದರು. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಪಾಲಿಗೆ ಎರಡು ಜಿಬಿ ತೆಗೆದಿಟ್ಟುಕೊಂಡಿದೆ. "ಓಹೋ, ನಮ್ಮ ಡ್ಯಾಮಿನ ಹೂಳಿನ ಹಾಗೆ" ಎಂದರು. 133 ಟಿಎಂಸಿ ಅಡಿಯ ತುಂಗಭದ್ರೆ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವುದು ಎಡದಂಡೆ ಕಾಲುವೆಯ ನೀರುಂಡ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಹೋಲಿಕೆ ಸರಿಯಲ್ಲ. ಹೂಳು ತಿಂದ ಜಾಗ ಹೋಯಿತು, ಈ ಎರಡು ಜಿಬಿ ಹೋಗಿಲ್ಲ, ಬೇರೊಂದು ಕಾಲುವೆಗೆ ಬಿಟ್ಟ ನೀರು. ಕೆಲವು ಯಂತ್ರಗಳ ಬಯಾಸ್‌ನಲ್ಲಿ ಅದನ್ನು 512 ಎಂಬಿಗೆ ಇಳಿಸಬಹುದು, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆಯನ್ನೇ ಕೊಟ್ಟಿರುವುದಿಲ್ಲ. ಎಷ್ಟು ಹೋಗಿದೆ ಎಂದು ನೋಡಲು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, 'ಹಾರ್ಡ್‌ವೇರ್ ರಿಸರ್ವ್ಡ್' ಎಂಬ ಸಾಲು ಓದಿದರೆ ಸಾಕು.

ವಿಂಡೋಸ್‌ನಲ್ಲಿ ಕಡಿಮೆಯಾಗುವುದಕ್ಕೆ ಇನ್ನೊಂದು ಕಾರಣ ನಮ್ಮದೇ ಕೈವಾಡ. ಕಂಪ್ಯೂಟರ್ ವೇಗವಾಗಲಿ ಎಂದು ವಿಂಡೋಸ್ ಶುರುವಾಗುವ ರೀತಿ ಬದಲಿಸುವ ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಗುರುತು ಹಾಕಿ 4096 ಎಂದು ತುಂಬಿಸಿರುತ್ತಾರೆ. ಅದು ಹೆಚ್ಚಿಸುವ ಗುಂಡಿಯಲ್ಲ, ಅದಕ್ಕಿಂತ ಮೇಲೆ ಬಳಸಬೇಡ ಎಂಬ ಬೇಲಿ. ಗುರುತು ತೆಗೆದು ಮತ್ತೆ ಚಾಲೂ ಮಾಡಿದರೆ ಮುಗಿಯಿತು.

ಇನ್ನು ಬಯಾಸ್‌ನಲ್ಲೇ ಲೆಕ್ಕ ತಪ್ಪುವವು. ಮಿಲ್ಲಿನ ಊರಿನಲ್ಲಿ ಮೊದಲ ಆರೋಪಿ ಧೂಳು. ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಬರಿ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಂಡು, ರ‍್ಯಾಮ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕಾದ ಬೂದು ಪೊರೆ ಕಾಣುತ್ತದೆ. ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದರೆ ಹೊಳಪು ಮರಳುತ್ತದೆ. ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಉಗುಳಿನ ಹನಿ ಸ್ಲಾಟಿನೊಳಗೆ ಬೀಳುತ್ತದೆ. ಮತ್ತೆ ಕೂರಿಸುವಾಗ ಕೊಂಡಿ ಟಕ್ಕೆಂದು ತಾನಾಗಿ ಬೀಳಬೇಕು. ಅರ್ಧ ಕೂತ ರ‍್ಯಾಮ್ ನೋಡಲು ಪೂರ್ತಿ ಕೂತಂತೆಯೇ ಇರುತ್ತದೆ.

ಶುಚಿ ಮಾಡಿದ ಮೇಲೂ ಒಂದು ಸ್ಲಾಟ್ ಮಾತ್ರ ಯಾವ ರ‍್ಯಾಮನ್ನೂ ಒಪ್ಪದಿದ್ದರೆ ಬಹಳ ಜನ ಮದರ್‌ಬೋರ್ಡ್ ಸತ್ತಿತು ಎನ್ನುತ್ತಾರೆ. ನಾನು ಮೊದಲು ಪ್ರೊಸೆಸರ್ ತೆಗೆಯುತ್ತೇನೆ. ಮೆಮೊರಿಯ ನಿಯಂತ್ರಕ ಈಗ ಇರುವುದು ಪ್ರೊಸೆಸರಿನ ಒಳಗೇ. ಪ್ರೊಸೆಸರ್ ಕೂರುವ 1155 ಪಿನ್‌ಗಳ ಸಾಕೆಟ್ಟಿನಲ್ಲಿ ಒಂದು ಪಿನ್ ತಲೆಬಾಗಿದರೂ ಒಂದು ಕಡೆಯ ಸ್ಲಾಟ್ ಮೂಕವಾಗಬಹುದು. ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ನೋಡಿದರೆ, ಸಾಲಾಗಿ ಮಿನುಗುವ ಪಿನ್‌ಗಳ ನಡುವೆ ಒಂದು ಕಪ್ಪು ಚುಕ್ಕೆ. ಸೂಜಿಯಿಂದ ಅದನ್ನು ನೆಟ್ಟಗೆ ಮಾಡುವಾಗ ನಾನು ಫೋನ್ ಎತ್ತುವುದಿಲ್ಲ.

ಹಳೆಯ ಜಿ 41 ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳದು ಬೇರೆಯೇ ಹಟ. ಅವುಗಳಿಗೆ ನಾಲ್ಕು ಜಿಬಿ ಡಿಡಿಆರ್3 ರ‍್ಯಾಮ್ ಹಾಕುವುದಾದರೆ ಎರಡೂ ಬದಿ ಸೇರಿ ಹದಿನಾರು ಚಿಪ್ ಇರುವುದೇ ಬೇಕು. ಎಂಟೇ ದಟ್ಟ ಚಿಪ್‌ಗಳಿರುವ ಹೊಸದನ್ನು ಕೊಟ್ಟರೆ ಎರಡು ಜಿಬಿ ಎನ್ನುತ್ತದೆ, ಇಲ್ಲವೇ ಏಳುವುದೇ ಇಲ್ಲ. ಕೊಳ್ಳುವ ಮುನ್ನ ಚಿಪ್ ಎಣಿಸಿ, ಚೀಟಿಯನ್ನಷ್ಟೇ ಓದಬೇಡಿ.

ಮಿಲ್ಲಿನ ಯಂತ್ರದಿಂದ ಒಂದು ನಾಲ್ಕು ಜಿಬಿ ತೆಗೆದು, ಅವರದೇ ಲೆಕ್ಕಪತ್ರದ ಕೋಣೆಯ 64 ಬಿಟ್ ಕಂಪ್ಯೂಟರಿಗೆ ಹಾಕಿದೆ. ಅಲ್ಲಿ ಅದು ಪೂರ್ತಿ ಎಣಿಕೆಗೆ ಬಂತು. ಮಾಲೀಕರು ವೇಬ್ರಿಜ್‌ನ ಪೆಟ್ಟಿಗೆ ಮುಚ್ಚುವ ಮೊದಲು ಹಳೆಯ ತೂಕದ ರಸೀದಿಯೊಂದರ ಬೆನ್ನಿಗೆ ಬರೆದು ಒಳಗೆ ಅಂಟಿಸಿದರು: "3.24 ಬಂದರೆ ಸರಿಯಿದೆ. ಬಿಚ್ಚಬೇಡಿ."