ಲೌಂಜ್ ಆಕ್ಸೆಸ್: ಸ್ಟೇಟಸ್ ಇಲ್ಲದವರಿಗೂ ತೆರೆಯುವ ಬಾಗಿಲು

ಕ್ರೆಡಿಟ್ ಕಾರ್ಡ್ ಮಾರುವವರು ಫೋನ್ ಮಾಡಿದಾಗ ಈ ಮಾತು ಬಂದೇ ಬರುತ್ತದೆ: ಲೌಂಜ್ ಆಕ್ಸೆಸ್ ಫ್ರೀ. ಪದದ ಅರ್ಥ ಸುಲಭ. ವಿಮಾನ ನಿಲ್ದಾಣದಲ್ಲಿ ಗೇಟಿನ ಮುಂದಿನ ಸಾಲು ಕುರ್ಚಿಗಳನ್ನು ಬಿಟ್ಟು, ಲೌಂಜ್ ಅನ್ನುವ ಬೇರೆ ಜಾಗಕ್ಕೆ ಹೋಗಿ ಕೂರುವ ಅವಕಾಶ. ಅಲ್ಲಿ ಮೆತ್ತನೆ ಸೋಫಾ, ಊಟ ತಿಂಡಿ, ವೈಫೈ, ಫೋನ್ ಚಾರ್ಜ್ ಮಾಡಲು ಪ್ಲಗ್ ಇರುತ್ತವೆ. ಕೆಲವು ಕಡೆ ಸ್ನಾನ ಮಾಡಲು ಶವರ್ ಕೂಡ ಇರುತ್ತದೆ.

ಗೊಂದಲ ಇರುವುದು ಒಳಗೆ ಯಾರು ಹೋಗಬಹುದು ಅನ್ನುವಲ್ಲಿ. ಅದು ತಿಂಗಳಿಗೆ ನಾಲ್ಕು ಸಲ ಹಾರುವವರಿಗೆ, ಎಲೀಟ್ ಸ್ಟೇಟಸ್ ಅನ್ನುವ ವಿಶೇಷ ದರ್ಜೆ ಇದ್ದವರಿಗೆ ಮಾತ್ರ ಅಂದುಕೊಂಡು ತುಂಬಾ ಜನ ಆ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಲೌಂಜ್ ಜಾಸ್ತಿ ಬೇಕಾಗುವುದು ಅಪರೂಪಕ್ಕೆ ಹಾರುವವರಿಗೇ. ಮುಂದಿನ ವಿಮಾನಕ್ಕಾಗಿ ರಾತ್ರಿಯೆಲ್ಲ ಕಾಯುವ ಲೇಓವರ್ ಇರುವವರು, ಮಗುವನ್ನು ಎತ್ತಿಕೊಂಡು ಬಂದವರು, ಮಂಡಿ ನೋವಿನ ಹಿರಿಯರು, ಇವರಿಗೆ ಸ್ಟೇಟಸ್ ಎಲ್ಲಿಂದ ಬರಬೇಕು?

ಲೌಂಜ್ ಸ್ಟೇಟಸ್ ಇದ್ದವರಿಗೆ ಮಾತ್ರ ಅನ್ನುವ ಅಭಿಪ್ರಾಯ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ಎಂಬ ಲೌಂಜ್ ತೆರೆಯಿತು. ಜಗತ್ತಿನ ಮೊದಲ ವಿಮಾನ ನಿಲ್ದಾಣ ಲೌಂಜ್ ಅಂತ ಅದನ್ನೇ ಹೇಳುತ್ತಾರೆ. ಶುರುವಿನಲ್ಲಿ ಅಲ್ಲಿಗೆ ಕಂಪನಿಯೇ ಕರೆದವರಿಗೆ ಮಾತ್ರ ಪ್ರವೇಶ. ಅದೇ ಕಂಪನಿ 1981ರಲ್ಲಿ ಅಡ್ವಾಂಟೇಜ್ ಎಂಬ ಯೋಜನೆ ತಂದು ಪ್ರಯಾಣಿಕರು ಹಾರಿದ ಮೈಲಿಗಳ ಲೆಕ್ಕ ಇಡಲು ಶುರು ಮಾಡಿತು. ಇಂಥ ಯೋಜನೆಗಳು ಬೆಳೆದಂತೆ ಜಾಸ್ತಿ ಹಾರುವವರಿಗೆ ಸಿಲ್ವರ್, ಗೋಲ್ಡ್ ಅಂತ ದರ್ಜೆಗಳು ಬಂದವು. ಅದೇ ಎಲೀಟ್ ಸ್ಟೇಟಸ್. ಸ್ಟಾರ್ ಅಲಯನ್ಸ್ ಗೋಲ್ಡ್, ಒನ್‌ವರ್ಲ್ಡ್ ಸಫೈರ್ ಅನ್ನುವ ಹೆಸರುಗಳನ್ನು ನೀವು ಕೇಳಿರಬಹುದು. ಹಲವು ವಿಮಾನ ಕಂಪನಿಗಳು ಸೇರಿ ಕಟ್ಟಿಕೊಂಡ ಒಕ್ಕೂಟಗಳ ದರ್ಜೆಗಳು ಇವು. ಈ ಎರಡು ದರ್ಜೆಯವರು ಇಕಾನಮಿ ಟಿಕೆಟ್ ಹಿಡಿದು ಬಂದರೂ ಲೌಂಜ್ ಸಿಗುತ್ತದೆ. ಆದರೆ ಅದೂ ಎಲ್ಲ ಕಡೆ ಅಲ್ಲ. ಯುನೈಟೆಡ್ ಏರ್‌ಲೈನ್ಸ್‌ನಿಂದ ಸ್ಟಾರ್ ಅಲಯನ್ಸ್ ಗೋಲ್ಡ್ ಪಡೆದವರಿಗೆ ಅಮೆರಿಕದ ಒಳಗಿನ ಪ್ರಯಾಣಕ್ಕೆ, ಬರೀ ಆ ಸ್ಟೇಟಸ್ ಮೇಲೆ, ಆ ಕಂಪನಿಯ ಲೌಂಜ್ ಸಿಗುವುದಿಲ್ಲ.

ಇಷ್ಟೆಲ್ಲ ನಿಯಮ ನೋಡಿದರೆ ತಲೆ ಕೆಡುತ್ತದೆ, ಅಲ್ವಾ? ಒಂದು ವಿಷಯ ಗೊತ್ತಿದ್ದರೆ ಸಾಕು. ಲೌಂಜ್ ಒಳಗೆ ಹೋಗುವ ಪ್ರತಿ ತಲೆಯ ಖರ್ಚನ್ನೂ ಯಾರೋ ಒಬ್ಬರು ಹೊರುತ್ತಾರೆ. ಸ್ಟೇಟಸ್ ಇದ್ದವರ ಖರ್ಚು ವಿಮಾನ ಕಂಪನಿಯದು. ನಿಮಗೆ ಸ್ಟೇಟಸ್ ಇಲ್ಲ ಅಂದರೆ ಆ ಖರ್ಚನ್ನು ನಿಮ್ಮ ಟಿಕೆಟ್ಟೋ, ನಿಮ್ಮ ಬ್ಯಾಂಕೋ, ನೀವೋ ಹೊರಬೇಕು. ಬಾಗಿಲಲ್ಲಿ ಕೂತವರು ಬೋರ್ಡಿಂಗ್ ಪಾಸ್, ಕಾರ್ಡ್ ನೋಡಿ ಹುಡುಕುವುದು ಇದನ್ನೇ.

ಇವುಗಳಲ್ಲಿ ಬ್ಯಾಂಕಿನ ದಾರಿಯೇ ಈಗ ಎಲ್ಲಕ್ಕಿಂತ ಜನಪ್ರಿಯ, ಎಡವುವುದೂ ಇಲ್ಲೇ ಜಾಸ್ತಿ. ಪ್ರಯಾರಿಟಿ ಪಾಸ್ 1992ರಲ್ಲಿ ಶುರುವಾಯಿತು. ಬೇರೆ ಬೇರೆಯವರು ನಡೆಸುವ ಲೌಂಜ್‌ಗಳ ಜೊತೆ ಒಪ್ಪಂದ ಮಾಡಿಕೊಂಡು, ಒಂದೇ ಕಾರ್ಡ್ ತೋರಿಸಿ ಎಲ್ಲಕ್ಕೂ ಹೋಗುವಂತೆ ಮಾಡುವ ಮಧ್ಯವರ್ತಿ ಇದು. 2005ರಲ್ಲಿ ಚೀನಾದಲ್ಲಿ ಶುರುವಾದ ಡ್ರ್ಯಾಗನ್‌ಪಾಸ್ ಕೂಡ ಇದೇ ಕೆಲಸ ಮಾಡುತ್ತದೆ. ಇವುಗಳ ಸದಸ್ಯತ್ವವನ್ನು ನೀವೇ ಕೊಳ್ಳಬಹುದು, ಆದರೆ ಹೆಚ್ಚಿನವರಿಗೆ ಅದು ಕಾರ್ಡಿನ ಜೊತೆ ಬರುತ್ತದೆ. ನೀವು ಕಾರ್ಡ್ ಉಜ್ಜಿದಾಗ ಒಂದು ಭೇಟಿ ದಾಖಲಾಗುತ್ತದೆ, ಅದರ ಬಿಲ್ ಮಧ್ಯವರ್ತಿಯ ಮೂಲಕ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕ್ ಪ್ರತಿ ಭೇಟಿಗೂ ದುಡ್ಡು ಕಟ್ಟುತ್ತಿರುವುದರಿಂದಲೇ ಷರತ್ತು ಹಾಕುತ್ತದೆ. ಮೂರು ತಿಂಗಳಿಗೆ ಇಷ್ಟೇ ಭೇಟಿ, ಹಿಂದಿನ ತಿಂಗಳುಗಳಲ್ಲಿ ಕಾರ್ಡಿನಲ್ಲಿ ಇಷ್ಟು ಖರ್ಚು ಮಾಡಿರಬೇಕು, ಜೊತೆಗೆ ಬಂದವರಿಗೆ ಬೇರೆ ಚಾರ್ಜ್, ಹೀಗೆ. ಈ ಷರತ್ತುಗಳು ಬದಲಾಗುತ್ತಲೇ ಇರುತ್ತವೆ.

ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋದಾಗ ಇದನ್ನು ಬಾಗಿಲಲ್ಲಿ ನಿಂತು ಕಲಿತೆ. ನನ್ನ ಕಾರ್ಡಿನಲ್ಲಿ ಇಷ್ಟು ಖರ್ಚು ಮಾಡಿರಬೇಕು ಅನ್ನುವ ಷರತ್ತು ಬದಲಾಗಿತ್ತು, ಬ್ಯಾಂಕ್ ಕಳಿಸಿದ ಮೇಲ್ ನಾನು ಓದಿರಲಿಲ್ಲ. ಅಮ್ಮ ಆರು ಗಂಟೆ ಗಟ್ಟಿ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಈಗ ಪ್ರಯಾಣಕ್ಕೆ ಒಂದು ವಾರ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಎಷ್ಟು ಭೇಟಿ ಉಳಿದಿದೆ, ಗೆಸ್ಟ್‌ಗೆ ಏನು ನಿಯಮ ಅಂತ ನೋಡದೆ ಹೊರಡುವುದಿಲ್ಲ. ನೀವೂ ದಯವಿಟ್ಟು ನೋಡಿ.

ನೀವೇ ದುಡ್ಡು ಕೊಟ್ಟು ಹೋಗುವುದು ಎಲ್ಲಕ್ಕಿಂತ ನೇರ ದಾರಿ. ಆದರೂ ಜನ ಕೇಳಲು ಯಾಕೆ ಹಿಂಜರಿಯುತ್ತಾರೋ ಗೊತ್ತಿಲ್ಲ. 1998ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರುವಾದ ಪ್ಲಾಜಾ ಪ್ರೀಮಿಯಂ ಬೆಳೆದದ್ದೇ ಈ ಯೋಚನೆಯ ಮೇಲೆ: ಯಾವ ವಿಮಾನ, ಯಾವ ಕ್ಲಾಸ್ ಅಂತ ಕೇಳದೆ, ದುಡ್ಡು ಕೊಟ್ಟ ಯಾರಿಗಾದರೂ ಲೌಂಜ್. ಈಗ ಕೆಲವು ವಿಮಾನ ಕಂಪನಿಗಳೂ ತಮ್ಮ ಲೌಂಜ್ ಪ್ರವೇಶವನ್ನು ಬಿಡಿಯಾಗಿ ಮಾರುತ್ತವೆ. ಹೆಚ್ಚಾಗಿ ಎರಡು ಮೂರು ಗಂಟೆಗಳ ಲೆಕ್ಕದಲ್ಲಿ ಚಾರ್ಜ್ ಇರುತ್ತದೆ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿದರೆ ಎಷ್ಟೋ ಕಡೆ ಕಡಿಮೆ ಬೀಳುತ್ತದೆ, ಜಾಗವೂ ಖಾತ್ರಿ. ಒಂದು ಗಂಟೆಯ ಕಾಯುವಿಕೆಗೆ ಇದು ದಂಡ. ಊಟದ ಹೊತ್ತು ಸೇರಿದ ನಾಲ್ಕು ಗಂಟೆಯ ಲೇಓವರ್ ಆದರೆ ಹೊರಗೆ ತಿನ್ನುವ ಖರ್ಚಿಗೆ ಹೋಲಿಸಿ ನೋಡಿ, ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ.

ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ಸಾಮಾನ್ಯವಾಗಿ ಲೌಂಜ್ ಅದರಲ್ಲೇ ಸೇರಿರುತ್ತದೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಎಮಿರೇಟ್ಸ್ 2019ರಲ್ಲಿ ಬಿಸಿನೆಸ್ ಕ್ಲಾಸ್‌ನಲ್ಲೇ ಸ್ಪೆಷಲ್ ಎಂಬ ಅಗ್ಗದ ದರ ತಂದಿತು, ಅದರಲ್ಲಿ ಲೌಂಜ್ ಇರಲಿಲ್ಲ. ಟಿಕೆಟ್ ಕೊಳ್ಳುವಾಗ ಆ ಒಂದು ಸಾಲು ಓದಿಕೊಳ್ಳಿ.

ಸ್ಟೇಟಸ್ ಇರುವ ಸ್ನೇಹಿತರ ಜೊತೆ ಹೊರಟಿದ್ದರೆ ಅವರನ್ನೂ ಕೇಳಿ. ಸ್ಟಾರ್ ಅಲಯನ್ಸ್ ಗೋಲ್ಡ್ ಇದ್ದವರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಆದರೆ ಕೆಲವು ಲೌಂಜ್‌ಗಳಲ್ಲಿ ಇದಕ್ಕೂ ಬೇರೆ ನಿಯಮ ಇದೆ.

ಇನ್ನು ಕಾರ್ಡ್, ದುಡ್ಡು ಎಲ್ಲ ಇದ್ದೂ ವಾಪಸ್ ಬರುವ ಸಂದರ್ಭಗಳು. ಲೌಂಜ್ ಬೇರೆ ಟರ್ಮಿನಲ್‌ನಲ್ಲಿದ್ದರೆ, ಅಥವಾ ಇಮಿಗ್ರೇಷನ್ ಆಚೆಗಿದ್ದು ನಿಮ್ಮದು ದೇಶದೊಳಗಿನ ಫ್ಲೈಟ್ ಆದರೆ ಅಲ್ಲಿಗೆ ತಲುಪಲು ಆಗುವುದಿಲ್ಲ. ತುಂಬಾ ಲೌಂಜ್‌ಗಳು ಹೊರಡುವ ಮೂರು ಗಂಟೆ ಮುಂಚೆಗಿಂತ ಬೇಗ ಬಂದರೆ ಬಿಡುವುದಿಲ್ಲ. ಬೆಳಿಗ್ಗೆ, ಸಂಜೆಯ ರಶ್‌ನಲ್ಲಿ ಒಳಗೆ ಜಾಗ ತುಂಬಿದರೆ ಮೊದಲು ತಡೆಯುವುದು ಬ್ಯಾಂಕ್ ಕಾರ್ಡಿನವರನ್ನೇ, ಹಾಗಾಗಿ ಅದೇ ಟರ್ಮಿನಲ್‌ನ ಇನ್ನೊಂದು ಲೌಂಜಿನ ಹೆಸರೂ ನೋಡಿಟ್ಟುಕೊಂಡಿರಿ. ಒಳಗೆ ಹೋದ ಮೇಲೆ ಫೋನಿನಲ್ಲಿ ಅಲಾರಾಂ ಇಡಿ. ಎಷ್ಟೋ ಲೌಂಜ್‌ಗಳಲ್ಲಿ ಫ್ಲೈಟ್ ಕರೆಯುವುದಿಲ್ಲ, ಬೋರ್ಡಿಂಗ್ ಶುರುವಾದದ್ದು ಗೊತ್ತಾಗುವುದು ಪರದೆ ನೋಡಿದರೆ ಮಾತ್ರ.